ಬಲಸೆರಗಿನ ಪುಟ

ಆಗ ನನ್ನ ಹತ್ತಿರ ಎರಡು ಪುಸ್ತಕಗಳಿದ್ದವು. ಒಂದರಲ್ಲಿ ಬರೆಯುತ್ತಿದ್ದೆ, ಇನ್ನೊಂದರಲ್ಲಿ ಅಂಟಿಸುತ್ತಿದ್ದೆ. ಬರೆಯುವ ಪುಸ್ತಕದ ಪ್ರತಿ ಪುಟದ ಮೂಲೆಯಲ್ಲಿ ತಾರೀಖು, ವಾರ, ಕಂಪನಿ ಬಸ್ಸು ಸಿಕಂದರಾಬಾದಿನ ತಾರ್ನಾಕಕ್ಕೆ ಬಂದ ಹೊತ್ತು, ಆ ದಿನ ಆಫೀಸಿನಲ್ಲಿ ಹಿಡಿದ ತಪ್ಪುಗಳ ಎಣಿಕೆ ಇರುತ್ತಿತ್ತು. ತಪ್ಪು ಹಿಡಿಯುವುದೇ ನನ್ನ ನೌಕರಿಯಾಗಿತ್ತು. ಬೇರೆಯವರು ಬರೆದ ಸಾಫ್ಟ್‌ವೇರನ್ನು ನಡೆಸಿ ನೋಡಬೇಕು, ಅದು ಎಲ್ಲೆಲ್ಲಿ ಎಡವುತ್ತದೆ ಎಂದು ಬರೆದು ಕಳಿಸಬೇಕು. ಊರಿನ ಆ ತುದಿಯಲ್ಲಿ ಒಂದರ ಪಕ್ಕ ಒಂದು ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಎಡವುವುದಕ್ಕೆ ಏನೂ ಕೊರತೆ ಇರಲಿಲ್ಲ.

ಅಂಟಿಸುವ ಪುಸ್ತಕದಲ್ಲಿ ಮಾತ್ರ ತಾರೀಖುಗಳಿರಲಿಲ್ಲ. ಟೀಚರ್ ಬರೆಯಗೊಡುತ್ತಿರಲಿಲ್ಲ.

ಟೀಚರ್ ಎಂದರೆ ಹಿಮಾಯತ್‌ನಗರದಲ್ಲಿ ಒಂದು ಸ್ಟೇಷನರಿ ಅಂಗಡಿಯ ಮಹಡಿಯ ಮೇಲೆ ಶನಿವಾರ ಸಂಜೆ ಆರ್ಟ್ ಜರ್ನಲ್ ಕಲಿಸುತ್ತಿದ್ದ ವಯಸ್ಸಾದ ಹೆಂಗಸು. ದಪ್ಪ ಕಾಗದದ ಪುಸ್ತಕವೊಂದನ್ನು ತೆಗೆದುಕೊಂಡು ಅದರಲ್ಲಿ ಬಣ್ಣ, ಬಟ್ಟೆಯ ಚೂರು, ದಾರ, ಹಳೆಯ ಟಿಕೀಟು, ಎಲೆ, ಕೈಗೆ ಸಿಕ್ಕಿದ್ದನ್ನೆಲ್ಲ ಸೇರಿಸಿ ಪುಟ ಕಟ್ಟುವುದನ್ನು ಅವರು ಹೇಳಿಕೊಡುತ್ತಿದ್ದರು. ಎದುರುಬದುರಿನ ಎರಡು ಪುಟ ಸೇರಿ ಒಂದೇ ಚಿತ್ರವಾಗಬೇಕು. ನಡುವಿನ ಹೊಲಿಗೆಯ ಗೆರೆಯನ್ನು ಮರೆಯಲೂ ಬಾರದು, ಅದಕ್ಕೆ ಹೆದರಲೂ ಬಾರದು. ಮೊದಲ ದಿನ ನಾನು ಚೀಲದಿಂದ ಸ್ಕೇಲು, ಪೆನ್ಸಿಲು ತೆಗೆದು ಪುಟಕ್ಕೆ ಚೌಕಗಳನ್ನು ಹಾಕಲು ಕುಳಿತಾಗ ಅವರು ಹಿಂದಿನಿಂದ ಬಂದು ನಿಂತರು.

"ಇಂಜಿನಿಯರ್ ಸಾಬ್, ಸ್ಕೇಲ್ ಅಂದರ್ ರಖೋ. ಯಹಾಂ ನಾಪ್‌ನಾ ನಕ್ಕೋ," ಎಂದರು.

ಸ್ಕೇಲು ಒಳಗಿಡು, ಇಲ್ಲಿ ಅಳೆಯುವುದು ಬೇಡ. ಆಮೇಲೆ ಅವರು ಹುಡುಗಿಯಾದ ನನ್ನನ್ನು ಬೇರೆ ಹೆಸರಿನಿಂದ ಕರೆದದ್ದೇ ಇಲ್ಲ.

ಹಾಗೆ ನನ್ನ ಭಾನುವಾರಗಳು ಬದಲಾದವು. ತಾರ್ನಾಕದ ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಹಳೆಯ ಪೇಪರು ಹಾಸಿ ಕೂರುತ್ತಿದ್ದೆ. ಪಕ್ಕದಲ್ಲಿ ಅಂಟಿನ ಬಟ್ಟಲು, ಒದ್ದೆ ಬಟ್ಟೆ, ಒಂದು ಹಳೆಯ ಹಲ್ಲುಜ್ಜುವ ಬ್ರಷ್ಷು. ಅಪ್ಪ ರೈಲ್ವೆ ಕಚೇರಿಯಿಂದ ಊರಿನ ಹಳೆಯ ನಕಾಶೆಯೊಂದನ್ನು ತಂದುಕೊಟ್ಟಿದ್ದರು. ಅದರಲ್ಲಿ ಶಂಶಾಬಾದ್ ಇನ್ನೂ ಒಂದು ಚುಕ್ಕೆ, ವಿಮಾನ ನಿಲ್ದಾಣವೂ ಇಲ್ಲ, ಅಲ್ಲಿಗೆ ಹೋಗುವ ದೊಡ್ಡ ರಸ್ತೆಯೂ ಇಲ್ಲ. ಛತ್ತಾ ಬಜಾರಿನ ಲಗ್ನಪತ್ರಿಕೆ ಅಂಗಡಿಗಳಿಂದ ಅಂಚು ಕತ್ತರಿಸಿ ಬಿಸಾಡಿದ ಕೆಂಪು, ಬಂಗಾರ ಬಣ್ಣದ ಪಟ್ಟಿಗಳನ್ನು ಒಂದು ಚೀಲ ತುಂಬ ತಂದಿಟ್ಟುಕೊಂಡಿದ್ದೆ. ಆಫೀಸಿನಲ್ಲಿ ಯಾರಾದರೂ ಮಿಠಾಯಿ ಹಂಚಿದರೆ ಅದರ ಮೇಲಿನ ಬೆಳ್ಳಿ ವರಖನ್ನು ನಾಲಿಗೆಗೆ ಬಿಡದೆ ಕಾಗದಕ್ಕೆ ಒತ್ತಿ ಮನೆಗೆ ತರುತ್ತಿದ್ದೆ. ನಕಾಶೆಯನ್ನು ಚಹಾದ ನೀರಲ್ಲಿ ಅದ್ದಿ ಒಣಗಲು ಹಾಕಿದರೆ ಇಡೀ ಊರು ಸಂಜೆಯ ಬಣ್ಣಕ್ಕೆ ತಿರುಗುತ್ತಿತ್ತು. ವಿಶ್ವವಿದ್ಯಾಲಯದ ಕಡೆಯಿಂದ ಪಾರಿವಾಳಗಳ ಗುಟುರು, ದೂರದಲ್ಲಿ ಲಾಲಾಗುಡದ ರೈಲಿನ ಸದ್ದು, ತಲೆಯ ಮೇಲೆ ನಿಧಾನ ತಿರುಗುವ ಫ್ಯಾನು. ಯಾವ ಪುಟ ಎಷ್ಟು ಹೊತ್ತಿಗೆ ಒಣಗಿತು ಎಂದು ಬರೆದಿಟ್ಟುಕೊಳ್ಳಬೇಕು ಅನ್ನಿಸುತ್ತಿತ್ತು. ಕೈಯೆಲ್ಲ ಅಂಟಾದ್ದರಿಂದ ಬರೆಯಲಾಗುತ್ತಿರಲಿಲ್ಲ.

ಅಂಥ ಒಂದು ಭಾನುವಾರ ಅವ್ವ ಕಿಟಕಿಯ ಹತ್ತಿರ ಮೊರ ಹಿಡಿದು ಅಕ್ಕಿ ಆರಿಸುತ್ತ ಕುಳಿತಿದ್ದಳು.

"ನಮ್ಮವ್ವನ ಮಾರಿ ಹೋತು ನೋಡ," ಎಂದಳು, ಅಕ್ಕಿಯಿಂದ ತಲೆ ಎತ್ತದೆ.

"ಎಲ್ಲಿಗೆ?" ಎಂದೆ. ಮುಖ ಹೋಯಿತೆಂದರೆ ಏನೋ ಕಳೆದುಹೋಗಿದೆ ಎಂದುಕೊಂಡಿದ್ದೆ.

"ಕಣ್ಣಾಗಿಂದ. ಮೊದಲ ಕಣ್ಣ ಮುಚ್ಚಿದ್ರ ಸಾಕಿತ್ತು, ಬಂದ ನಿಂದರತಿದ್ಲು. ಈಗ ಸೀರಿ ಬರ್ತೈತಿ, ಕೈ ಬರ್ತಾವ, ಹಣಿಮ್ಯಾಲಿನ ವಿಭೂತಿ ಬರ್ತೈತಿ. ಅದರ ಕೆಳಗ ಏನೂ ಇಲ್ಲ. ಒರಸಿದ ಪಾಟಿ ಆಗೈತಿ."

ಅವ್ವನ ತವರು ಬಿಜಾಪುರ ಸೀಮೆ. ಅವಳು ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಅವಳ ಅವ್ವ, ನಾನು ಆಯಿ ಎಂದು ಕರೆಯಬೇಕಾಗಿದ್ದವಳು, ಜ್ವರ ಬಂದು ತೀರಿಕೊಂಡಿದ್ದಳು. ಆಯಿಯ ಫೋಟೋ ಇರಲಿಲ್ಲ. ಇರಲೇ ಇಲ್ಲ ಎನ್ನುವಂತಿಲ್ಲ, ಒಂದು ಇತ್ತು. ಯಾವುದೋ ಮದುವೆಯಲ್ಲಿ ತೆಗೆದದ್ದು. ಅದರಲ್ಲಿ ಅವ್ವ ಎರಡು ಜಡೆಯ ಹುಡುಗಿ, ಮುಂದಿನ ಸಾಲಿನ ಬಲತುದಿಯಲ್ಲಿ ನಿಂತಿದ್ದಾಳೆ. ಅವಳ ಹೆಗಲ ಮೇಲೆ ಬಳೆ ತೊಟ್ಟ ಒಂದು ಕೈ ಇದೆ. ಕೈಯ ಆಚೆಗೆ ಫೋಟೋ ಮುಗಿದುಹೋಗಿದೆ. ಆ ಕೈಯೇ ಆಯಿ.

ಮಹಾಲಯ ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ಹಿರಿಯರಿಗೆ ಎಡೆ ಹಿಡಿಯುತ್ತಾರೆ. ಅಪ್ಪನ ಅಪ್ಪ, ಅಪ್ಪನ ಅವ್ವ ಇಬ್ಬರಿಗೂ ಕಟ್ಟು ಹಾಕಿಸಿದ ಫೋಟೋಗಳಿವೆ. ಅವುಗಳ ಪಕ್ಕದಲ್ಲಿ ಅವ್ವ ತಾಮ್ರದ ತಂಬಿಗೆಯೊಂದನ್ನು ಇಟ್ಟು, ಕುಂಕುಮ ಹಚ್ಚಿ, ಅದಕ್ಕೆ ಒಂದು ಇಳಕಲ್ ಸೀರೆಯನ್ನು ಸುತ್ತಿ ಸೆರಗು ಹೊದಿಸುತ್ತಿದ್ದಳು. ಅದು ಆಯಿ. ಎಡೆ ಹಿಡಿದು ಕಣ್ಣು ಮುಚ್ಚಿ ಕೂತರೆ ಬಂದು ಉಂಡು ಹೋಗುತ್ತಾಳೆ ಎಂಬುದು ಅವ್ವನ ಲೆಕ್ಕ. ಅಮಾವಾಸ್ಯೆಗೆ ಇನ್ನೂ ಒಂದು ತಿಂಗಳು ಚಿಲ್ಲರೆ ದಿನಗಳಿದ್ದವು.

"ಮಾರಿ ನೆನಪಿಲ್ದ ಎಡಿ ಹಿಡದ್ರ ಆಕಿಗೆ ಮುಟ್ಟತೈತೇನ? ನಾ ಯಾರನ್ನಂತ ಕರೀಲಿ?" ಎಂದಳು. ಮೊರವನ್ನು ಒಮ್ಮೆ ಜಾಡಿಸಿ ಒಳಗೆ ಹೋದಳು.

ಆ ಸಂಜೆ ನಾನು ಬರೆಯುವ ಪುಸ್ತಕದಲ್ಲಿ ಹೊಸ ಪುಟ ತೆಗೆದು ಗೆರೆ ಹಾಕಿದೆ. ಆಯಿಯನ್ನು ಕಂಡವರಲ್ಲಿ ಬದುಕಿರುವವರು ಯಾರು ಯಾರು? ಸಿಂದಗಿಯ ಹತ್ತಿರ ಇದ್ದ ದೊಡ್ಡ ಸೋದರಮಾವ, ಅವ್ವನ ಚಿಗವ್ವ, ಒಬ್ಬ ದೂರದ ಕಾಕಾ. ಒಬ್ಬೊಬ್ಬರಿಗೂ ಫೋನು ಮಾಡಿದೆ. ಮೂಗು ಯಾರ ಹಾಗೆ, ಹುಬ್ಬು ಯಾರ ಹಾಗೆ, ತುಟಿ ಯಾರ ಹಾಗೆ ಎಂದು ಕೇಳಿ ಹೆಸರಿನ ಮುಂದೆ ಗುರುತು ಹಾಕಿಕೊಂಡೆ. ಮೂಗು ದೊಡ್ಡಮಾವನದು ಎಂದು ಎಲ್ಲರೂ ಒಪ್ಪಿದರು. ಹುಬ್ಬು ಚಿಗವ್ವನದು ಎಂದು ಚಿಗವ್ವನೇ ಹೇಳಿದಳು, ಉಳಿದವರು ಸುಮ್ಮನಾದರು. ಕಿವಿಯ ವಿಷಯದಲ್ಲಿ ಕಾಕಾ ಬಹಳ ಖಚಿತವಾಗಿದ್ದರು. ಗದ್ದಕ್ಕೆ ಬಹುಮತ ಬರಲಿಲ್ಲ.

ಮನೆಯ ಆಲ್ಬಮ್ಮಿನಿಂದ ಇವರೆಲ್ಲರ ಫೋಟೋ ತೆಗೆದುಕೊಂಡು ಹೋಗಿ, ವಿಶ್ವವಿದ್ಯಾಲಯದ ಗೇಟಿನ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ಒಂದೇ ಅಳತೆಗೆ ಬರುವಂತೆ ದೊಡ್ಡದು ಚಿಕ್ಕದು ಮಾಡಿಸಿದೆ. ಮುಂದಿನ ಭಾನುವಾರ ಕತ್ತರಿ ಹಿಡಿದು ಕುಳಿತೆ. ನಕಾಶೆ ಅಂಟಿಸಿದ ಜೋಡಿ ಪುಟದ ಬಲಬದಿಯಲ್ಲಿ ಮಾವನ ಮೂಗು ಇಟ್ಟೆ, ಚಿಗವ್ವನ ಹುಬ್ಬು ಇಟ್ಟೆ, ಕಿವಿಗಳನ್ನು ಇಟ್ಟೆ, ಕಣ್ಣಿಗೆ ಅವ್ವನ ಕಣ್ಣನ್ನೇ ಇಟ್ಟೆ. ಅಂಚುಗಳು ಕಾಣದಂತೆ ಪೆನ್ಸಿಲಿನಿಂದ ಉಜ್ಜಿದೆ. ಸ್ಕೇಲು ಕೂಡ ಹೊರಗೆ ಬಂದಿತ್ತು.

ಅಪ್ಪ ಕನ್ನಡಕ ಏರಿಸಿಕೊಂಡು ನೋಡಿದರು.

"ಇದು ನಮ್ಮ ಅತ್ತಿ ಅಲ್ಲವ್ವಾ. ಇದು ಅವರ ಮನಿ ಪಂಚಾಯ್ತಿ. ಎಲ್ಲಾರೂ ಬಂದ ಕುಂತಾರ, ಯಾರೂ ಮಾತಾಡವಲ್ರು."

ನನಗೂ ನಗು ಬಂತು. ಅವ್ವ ನಗಲಿಲ್ಲ. ಅವಳು ಬಾಗಿಲಲ್ಲಿ ನಿಂತು ಪುಟವನ್ನು ನೋಡಿದಳು, ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. "ಮುಚ್ಚವ್ವ ಅದನ್ನ," ಎಂದಳು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಮರುದಿನ ಬೆಳಿಗ್ಗೆ ನಾನು ಬಸ್ಸಿಗೆ ಹೊರಟಾಗ ಅವಳು ಡಬ್ಬಿ ಕೈಗಿಡುತ್ತ, "ಮೊದಲ ಏನೂ ಬರ್ತಿದ್ದಿಲ್ಲ. ಈಗ ಕಣ್ಣ ಮುಚ್ಚಿದ್ರ ನೀ ಹಚ್ಚಿದ್ದ ಬರಾಕತ್ತೈತಿ," ಎಂದಳು. ಸಿಟ್ಟಿರಲಿಲ್ಲ ಧ್ವನಿಯಲ್ಲಿ. ಅದೇ ಕಷ್ಟವಾಯಿತು. ಬಸ್ಸಿನ ಕಿಟಕಿಯಲ್ಲಿ ಹುಸೇನ್‌ಸಾಗರದ ನೀರು ಬಂದು ಹೋಯಿತು, ಅರ್ಧ ಕಟ್ಟಿದ ಫ್ಲೈಓವರಿನ ಕಂಬಗಳು ಬಂದು ಹೋದವು. ಪ್ರತಿ ಕಂಬದ ತುದಿಯಲ್ಲೂ ಕಬ್ಬಿಣದ ಸರಳುಗಳು ಮುಖವಿಲ್ಲದ ತಲೆಗೂದಲಿನ ಹಾಗೆ ನಿಂತಿದ್ದವು.

ಶನಿವಾರ ಟೀಚರಿಗೆ ಪುಸ್ತಕ ತೋರಿಸಿದೆ, ಆ ಪುಟವನ್ನು ಹರಿದು ತೆಗೆಯಲೇ ಎಂದು ಕೇಳಿದೆ. ಅವರು ಬೇಡ ಎಂಬಂತೆ ಪುಟದ ಮೇಲೆ ಅಂಗೈ ಇಟ್ಟರು. ಅವರ ಪದ್ಧತಿಯಲ್ಲಿ ಪುಟ ಹರಿಯುವುದಿಲ್ಲ. ಬೇಡವಾದದ್ದರ ಮೇಲೆ ಬಿಳಿ ಬಳಿದು, ಆ ಬಿಳಿಯ ಮೇಲೆ ಮತ್ತೆ ಕೆಲಸ ಮಾಡಬೇಕು.

"ಚೆಹ್ರಾ ಬನಾನಾ ನಕ್ಕೋ. ಜಗಹ್ ರಖೋ ಉಸ್ ಕೇ ವಾಸ್ತೆ," ಎಂದರು. ಮುಖ ಮಾಡಲು ಹೋಗಬೇಡ, ಅವಳಿಗೆ ಜಾಗ ಇಡು. ನಂತರ ನನ್ನ ಮೋರೆ ನೋಡಿ, "ಔರ್ ಓ ಸ್ಕೇಲ್ ಮೇರೆ ಕು ದೇ ದೋ," ಎಂದು ಕೈ ಚಾಚಿದರು. ಸ್ಕೇಲನ್ನು ಕೊಟ್ಟುಬಿಟ್ಟೆ.

ಮುಂದಿನ ಭಾನುವಾರ ಪಂಚಾಯಿತಿಯ ಮೇಲೆ ಗೋಡೆಗೆ ಬಳಿಯುವ ಬಿಳಿ ಪ್ರೈಮರನ್ನು ತೆಳ್ಳಗೆ ಎರಡು ಸಲ ಬಳಿದೆ. ಬಿಳಿಯ ಅಡಿಯಲ್ಲಿ ಅವರೆಲ್ಲ ಮೊದಲು ಮಂಜಿನೊಳಗೆ ನಿಂತವರಂತೆ ಕಂಡರು, ಆಮೇಲೆ ಕಾಣಲಿಲ್ಲ. ಮಾವನ ಮೂಗು ಮಾತ್ರ ಸ್ವಲ್ಪ ಉಬ್ಬಿಕೊಂಡೇ ಉಳಿಯಿತು. ಬಿಳಿ ಒಣಗಿದ ಮೇಲೆ ಅದರ ಮೇಲೆ ನಕಾಶೆಯ ಇನ್ನೊಂದು ಚೂರು ಅಂಟಿಸಿದೆ.

ಅಲ್ಲಿ ಕಟ್ಟುವ ಹೊಸ ಚಿತ್ರದ ಯೋಚನೆ ಸರಳವಾಗಿತ್ತು. ಎಡಬದಿಯಲ್ಲಿ ಮದುವೆಯ ಫೋಟೋದ ಪ್ರತಿ: ಎರಡು ಜಡೆಯ ಅವ್ವ, ಹೆಗಲ ಮೇಲಿನ ಕೈ. ಬಲಬದಿಯಲ್ಲಿ ದೊಡ್ಡವಳಾದ ಅವ್ವ. ನಡುವಿನ ಹೊಲಿಗೆಯ ಹತ್ತಿರ ಖಾಲಿ ಜಾಗ. ಆ ಖಾಲಿಯೇ ಆಯಿ. ದೊಡ್ಡ ಅವ್ವನಿಗೆ ನಾನು ಆರಿಸಿದ್ದು ಅವಳು ಮೂವತ್ತರ ಆಸುಪಾಸಿನಲ್ಲಿದ್ದಾಗ ರೈಲ್ವೆ ಪಾಸಿಗಾಗಿ ಸಿಕಂದರಾಬಾದಿನ ಒಂದು ಸ್ಟುಡಿಯೋದಲ್ಲಿ ತೆಗೆಸಿದ ಫೋಟೋ. ತಲೆಯ ಮೇಲೆ ಸೆರಗು, ಮುಖ ಒಂಚೂರು ಆಚೆ ತಿರುಗಿದೆ. ಪುಟದ ಬಲತುದಿಯಲ್ಲಿ ಅಂಟಿಸಿದರೆ ಅವಳು ಪುಸ್ತಕದಿಂದ ಹೊರಗೆ, ದೂರ ಎಲ್ಲೋ ನೋಡುತ್ತಾಳೆ. ದೊಡ್ಡವಳಾಗಿ ದೂರ ಬಂದವಳು ಹಾಗೆ ನೋಡಬೇಕು ಎಂದು ನನಗೆ ಅನ್ನಿಸಿತ್ತು.

ಇದನ್ನು ಸುಮ್ಮನೆ ಅಂಟಿಸದೆ, ಟೀಚರ್ ಆಗಷ್ಟೇ ಕಲಿಸಿದ್ದ ರೀತಿಯಲ್ಲಿ ಇಳಿಸಬೇಕೆಂದುಕೊಂಡೆ. ಝೆರಾಕ್ಸ್ ಪ್ರತಿಯನ್ನು ಪುಟಕ್ಕೆ ಮುಖ ಅಡಿಯಾಗಿ ಅಂಟಿಸಬೇಕು. ಪೂರ್ತಿ ಒಣಗಿದ ಮೇಲೆ ಕಾಗದದ ಬೆನ್ನಿಗೆ ನೀರು ಹಚ್ಚಿ ಬೆರಳಿನಿಂದ ಉಜ್ಜಬೇಕು. ಕಾಗದವೆಲ್ಲ ಎದ್ದು ಹೋಗುತ್ತದೆ, ಕಪ್ಪು ಮಾತ್ರ ಪುಟದಲ್ಲಿ ಕೂರುತ್ತದೆ. ಹೀಗೆ ಇಳಿಸಿದಾಗ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಆದ್ದರಿಂದ ಮೊದಲೇ ತಿರುಗಿಸಿದ ಪ್ರತಿ ಮಾಡಿಸಿಕೊಳ್ಳಬೇಕು ಎಂದು ಅವರು ಎರಡೆರಡು ಸಲ ಹೇಳಿದ್ದರು. ಅಕ್ಷರಗಳಿಗೆ ನಾನು ಅದನ್ನು ಪಾಲಿಸುತ್ತಿದ್ದೆ. ಅಕ್ಷರ ತಿರುಗಿದರೆ ಯಾರಿಗಾದರೂ ಗೊತ್ತಾಗುತ್ತದೆ. ಮುಖ ತಿರುಗಿದರೆ ಯಾರಿಗೆ ಗೊತ್ತಾಗುತ್ತದೆ ಎಂದು ಹಾಗೇ ಅಂಟಿಸಿದೆ. ದಿನವೂ ಬೇರೆಯವರ ತಪ್ಪನ್ನು ಎಣಿಸುವವಳಿಗೆ ಇದು ತಪ್ಪು ಅನ್ನಿಸಲೇ ಇಲ್ಲ.

ಅದರ ಮುಂದಿನ ಭಾನುವಾರ, ಮಧ್ಯಾಹ್ನ ಊಟವಾದ ಮೇಲೆ ಕರೆಂಟು ಹೋಯಿತು. ಫ್ಯಾನು ನಿಂತಿತು. ಅಪ್ಪ ಹಜಾರದ ಚಾಪೆಯ ಮೇಲೆ ಪೇಪರನ್ನು ಮುಖಕ್ಕೆ ಮುಚ್ಚಿಕೊಂಡು ಮಲಗಿದರು. ನಾನು ಬೆರಳನ್ನು ನೀರಿಗೆ ಅದ್ದಿ ಉಜ್ಜಲು ಶುರು ಮಾಡಿದೆ. ಒದ್ದೆಯಾದ ಕಾಗದ ಸಣ್ಣ ಸಣ್ಣ ಬತ್ತಿಗಳಾಗಿ ಸುರುಳಿ ಸುತ್ತಿ ಬಂತು. ದೇವರ ದೀಪಕ್ಕೆ ಅವ್ವ ಹೊಸೆಯುವ ಬತ್ತಿಯಂತೆಯೇ ಇತ್ತು. ಮೊದಲು ಒಂದು ಕಣ್ಣು ಮೇಲೆದ್ದಿತು. ನೀರೊಳಗಿಂದ ಯಾರೋ ನೋಡಿದ ಹಾಗೆ. ಆಮೇಲೆ ಹಣೆ, ಆಮೇಲೆ ಸೆರಗಿನ ಅಂಚು. ಜೋರಾಗಿ ಉಜ್ಜಿದ ಕಡೆ ಕಪ್ಪೂ ಸ್ವಲ್ಪ ಎದ್ದುಹೋಗಿ ಕೆನ್ನೆಯಲ್ಲಿ ನಕಾಶೆಯ ರಸ್ತೆಗಳು ಕಂಡವು. ತುಟಿಯ ಪಕ್ಕದಲ್ಲಿ ಮೂಸಿ ನದಿ ಸಣ್ಣ ಸುಕ್ಕಿನಂತೆ ಹರಿಯಿತು. ಕೋಣೆಯಲ್ಲಿ ನನ್ನ ಬೆರಳಿನ ಸದ್ದು ಬಿಟ್ಟರೆ ಏನೂ ಇರಲಿಲ್ಲ. ಎಷ್ಟು ಹೊತ್ತು ಹಾಗೆ ಉಜ್ಜಿದೆನೋ ತಿಳಿಯದು. ಆ ದಿನದ ನನ್ನ ದಿನಚರಿಯಲ್ಲಿ ಪುಟ ಮುಗಿಸಿದ ಹೊತ್ತಿನ ಜಾಗ ಖಾಲಿ ಇದೆ.

ಕೆಲಸ ಮುಗಿಸಿ ಹಿಂದೆ ಸರಿದು ನೋಡಿದಾಗ ತಪ್ಪು ಕಂಡಿತು. ಹೊರಗೆ ನೋಡಬೇಕಾಗಿದ್ದವಳು ಒಳಗೆ ನೋಡುತ್ತಿದ್ದಳು. ಹೊಲಿಗೆಯ ಗೆರೆಯನ್ನು ದಾಟಿ ಎಡಪುಟದ ಎರಡು ಜಡೆಯ ಹುಡುಗಿಯನ್ನು ನೋಡುತ್ತಿದ್ದಳು. ಹುಡುಗಿಯ ಹೆಗಲ ಮೇಲಿದ್ದ ಕೈ, ಫೋಟೋ ಮುಗಿದಲ್ಲಿ ಮುಗಿದುಹೋಗಿದ್ದ ಕೈ, ಈಗ ಅವಳ ಕಡೆಯಿಂದಲೇ ಬಂದ ಹಾಗಿತ್ತು. ನಾನು ಇಟ್ಟಿದ್ದ ಖಾಲಿ ಜಾಗ ಎಲ್ಲೂ ಖಾಲಿಯಾಗಿ ಕಾಣಲಿಲ್ಲ. ಕೆಟ್ಟಿತು ಎಂದುಕೊಂಡೆ. ಮತ್ತೆ ಬಿಳಿ ಬಳಿಯಬೇಕೇನೋ ಎಂದು ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದೆ.

ಅಷ್ಟರಲ್ಲಿ ಅವ್ವ ಚಹಾದ ಲೋಟ ಹಿಡಿದು ಬಂದಳು. ಬಂದವಳು ಹಾಗೇ ನಿಂತಳು. ಲೋಟವನ್ನು ಎಲ್ಲಿ ಇಡುತ್ತಿದ್ದೇನೆಂದು ನೋಡದೆ ಅಂಟಿನ ಬಟ್ಟಲಿನ ಪಕ್ಕ ಇಟ್ಟು ನೆಲದ ಮೇಲೆ ಕುಳಿತಳು.

"ಎಲ್ಲಿ ಸಿಕ್ತು ಇದು?" ಎಂದಳು.

"ಯಾವುದು?"

"ಅವ್ವನ ಫೋಟೋ."

ಒಮ್ಮೆ ಮೋಸವಾಗಿತ್ತು, ಇನ್ನೊಮ್ಮೆ ಆಗಬಾರದು. "ಅವ್ವಾ, ಅದು ನೀನ. ರೈಲ್ವೆ ಪಾಸಿಂದು. ತಿರುಗಿ ಬಿದ್ದೈತಿ ಅಷ್ಟ," ಎಂದೆ.

"ನಾ ಅಲ್ಲ. ನಾ ಎಡಸೆರಗಿನಾಕಿ." ಬೆರಳು ಪುಟಕ್ಕೆ ತಾಗಿಯೂ ತಾಗದಂತೆ ಬಲಹೆಗಲ ಮೇಲೆ ಸುಳಿಯಿತು. "ಸೆರಗ ನೋಡು. ಬಲಕ್ಕೈತಿ. ಹಿಂಗ ಅವ್ವ ಹೊದೀತಿದ್ಲು. ನಮ್ಮ ಮನ್ಯಾಗ ಎಲ್ಲಾ ಹೆಣಮಕ್ಕಳೂ ಬಲಸೆರಗ."

ಅದು ನನಗೆ ಗೊತ್ತಿರಲಿಲ್ಲ. ಅವ್ವನ ತವರಿನ ಹಳೆಯ ಹೆಂಗಸರು ಸೆರಗನ್ನು ಬಲಹೆಗಲ ಮೇಲಿಂದ ತಲೆಗೆ ಹೊದೆಯುತ್ತಿದ್ದರಂತೆ. ಅವ್ವನೂ ಮದುವೆಯಾಗಿ ಬಂದಾಗ ಬಲಸೆರಗಿನವಳೇ. ತಾರ್ನಾಕದ ನಲ್ಲಿಯ ಹತ್ತಿರ ಅಕ್ಕಪಕ್ಕದವರು, ಏನಮ್ಮಾ ಸೀರೆ ಉಲ್ಟಾ ಉಟ್ಟಿದ್ದೀ ಎಂದು ತೆಲುಗಿನಲ್ಲಿ ನಕ್ಕಿದ್ದರಂತೆ. ಮರುವಾರವೇ ಅವಳು ಎಡಕ್ಕೆ ಹಾಕಿಕೊಂಡಳು. ಅಂದಿನಿಂದ ತಾರ್ನಾಕದಲ್ಲಿ ಬಲಸೆರಗಿನ ಹೆಂಗಸೊಬ್ಬಳನ್ನು ಅವಳು ಹತ್ತಿರದಿಂದ ನೋಡಿರಲೇ ಇಲ್ಲ. ಫೋನಿನಲ್ಲಿ ನಾನು ಮೂಗು, ಹುಬ್ಬು, ಕಿವಿ ಎಲ್ಲ ಕೇಳಿದ್ದೆ. ಸೆರಗು ಯಾವ ಕಡೆ ಎಂದು ಯಾರನ್ನೂ ಕೇಳಿರಲಿಲ್ಲ.

ಅವ್ವ ಬಹಳ ಹೊತ್ತು ನೋಡಿದಳು. ಬಾಗಿ ನೋಡಿದಳು, ಹಿಂದೆ ಸರಿದು ನೋಡಿದಳು. ಕಣ್ಣಲ್ಲಿ ನೀರು ಬರುತ್ತದೆಂದು ನಾನು ಕಾಯುತ್ತಿದ್ದೆ. ಅವಳು ಹುಬ್ಬು ಗಂಟಿಕ್ಕಿದಳು.

"ಮೂಗುತಿ ತಪ್ಪೈತಿ. ಎಡಕ್ಕ ಬರಬೇಕು."

ನಿಜವೇ. ಅವ್ವನ ಎಡಮೂಗಿನ ಮೂಗುತಿ ಪುಟದಲ್ಲಿ ಬಲಕ್ಕೆ ಬಂದಿತ್ತು. ಸೂಜಿಯ ತುದಿಯಿಂದ ಆ ಕಪ್ಪು ಚುಕ್ಕೆಯನ್ನು ಮೆಲ್ಲಗೆ ಕೆರೆದೆ. ಈ ಕಡೆ ಇಡಲು ವರಖಿನ ಒಂದು ಚೂರನ್ನು ಚಿಮಟದಲ್ಲಿ ಎತ್ತಿಕೊಂಡೆ.

"ಬೆಳ್ಳಿದಲ್ಲ. ಬಂಗಾರದ್ದಿತ್ತು. ತಡಿ," ಎಂದು ಅವ್ವ ಒಳಗೆ ಹೋದಳು. ಅಂಗೈಯಲ್ಲಿ ಚಿಟಿಕೆ ಅರಿಶಿನ ತಂದಳು. ಅದಕ್ಕೆ ಒಂದು ಹನಿ ನೀರು ಬಿಟ್ಟು ಕಲಸಿದಳು. ನಾನು ಎಡಮೂಗಿನ ಮೇಲೆ ಅಂಟಿನ ಚುಕ್ಕೆ ಇಟ್ಟು ವರಖು ಕೂರಿಸಿದೆ. ಅವಳು ಉಂಗುರ ಬೆರಳಿನ ತುದಿಯನ್ನು ಅರಿಶಿನಕ್ಕೆ ಅದ್ದಿ ಅದರ ಮೇಲೆ ಒತ್ತಿದಳು. ಮಗುವಿಗೆ ದೃಷ್ಟಿಬೊಟ್ಟು ಇಡುವಷ್ಟು ಹಗುರವಾಗಿ. ಬೆಳ್ಳಿ ಹಳದಿಯಾಯಿತು. ಬೆರಳನ್ನು ಎತ್ತುವಾಗ ಕೆನ್ನೆಗೂ ಒಂಚೂರು ತಾಗಿತು. ಒರೆಸಬೇಕೆಂದು ನಾನು ಬಟ್ಟೆ ಎತ್ತಿದರೆ ಅವಳು ನನ್ನ ಕೈ ಹಿಡಿದಳು.

"ಇರ್ಲಿ ಬಿಡು. ಶುಕ್ರವಾರ ಮಾರಿಗೆ ಹಚ್ಚಕೊಂಡ ಜಳಕಾ ಮಾಡ್ತಿದ್ಲು. ಕಿವಿ ಕೆಳಗ ಉಳೀತಿತ್ತು."

ಆ ಮಾತು ಹೇಳಿದ ಮೇಲೆ ಅವಳೇ ಬೆಚ್ಚಿದಂತೆ ನನ್ನನ್ನು ನೋಡಿದಳು. ಕಿವಿಯ ಕೆಳಗಿನ ಅರಿಶಿನ ಅದುವರೆಗೆ ಅವಳಿಗೆ ನೆನಪಾಗಿರಲಿಲ್ಲ.

ಆ ಪುಟಕ್ಕೆ ಆಮೇಲೆ ನಾನು ಹೆಚ್ಚೇನೂ ಮಾಡಲಿಲ್ಲ. ಹಳೆಯ ಇಳಕಲ್ ಸೀರೆಯ ದಡಿಯಿಂದ ಬೆರಳುದ್ದದ ಚೂರನ್ನು ಅವ್ವನೇ ಕತ್ತರಿಸಿ ಕೊಟ್ಟಳು. ಅದನ್ನು ಸೆರಗಿನ ಅಂಚಿಗೆ ಕೆಂಪು ದಾರದಿಂದ ಹೊಲಿದೆ. ಲಗ್ನಪತ್ರಿಕೆಯ ಪಟ್ಟಿಗಳನ್ನು ಹಚ್ಚಿ ನೋಡಿ ತೆಗೆದೆ. ಅವು ತುಂಬಾ ಮಾತಾಡುತ್ತಿದ್ದವು.

ಮಹಾಲಯ ಅಮಾವಾಸ್ಯೆಗೆ ಎರಡು ದಿನ ಇರುವಾಗ ಮನೆಯಲ್ಲಿ ಜಗಳ ಹುಟ್ಟಿತು. ಅವ್ವ ಆ ಪುಟವನ್ನು ತಂಬಿಗೆಯ ಜಾಗದಲ್ಲಿ ಇಡಬೇಕೆಂದಳು. ಅಪ್ಪ ಚಹಾ ಬಿಟ್ಟು ಎದ್ದು ನಿಂತರು.

"ಏನ ಬುದ್ಧಿ ನಿಂದು? ಅದು ನಿನ್ನ ಫೋಟೋ. ಬದಕಿದ್ದವರ ಫೋಟೋಕ್ಕ ಮಾಲಿ ಹಾಕ್ತಾರೇನ ಯಾರರೆ? ಎಡಿ ಹಿಡಿತಾರೇನ?"

"ನಾ ಬದಕೀನಿ ಅನ್ನೂದು ಇವತ್ತರೆ ನೆನಪಾತಲ್ರಿ ನಿಮಗ."

"ಚಾಷ್ಟಿ ಬ್ಯಾಡ. ಇದು ಚಲೋ ಅಲ್ಲ."

"ಮೂಗುತಿ ಬದಲಿ ಮಾಡೇನ್ರಿ. ಸೆರಗ ಬದಲಿ ಆಗೈತಿ. ಇನ್ನೇನ ಉಳೀತು ನಂದು ಅದರಾಗ?"

ಅಪ್ಪನ ಮುಖದಲ್ಲಿದ್ದದ್ದು ಸಿಟ್ಟಲ್ಲ, ಭಯ. ಪುಟದ ಕಡೆ ನೋಡಲಾರದೆ ನನ್ನ ಕಡೆ ನೋಡಿದರು. ಅವ್ವನಿಗೂ ಅದು ಕಂಡಿತು. ಅವಳೇ ಇಳಿದುಬಂದಳು. "ಆತ ತಗೋರಿ. ಮಾಲಿ ತಂಬಿಗಿಗೆ. ಎಡಿನೂ ತಂಬಿಗಿಗೆ. ಪುಸ್ತಕ ಬರೇ ಎದುರಿಗಿರ್ಲಿ. ನಾ ನೋಡಾಕ. ನೋಡಾಕ ಅಡ್ಡಿಲ್ಲಲ್ಲ?"

"ನೋಡು," ಎಂದರು ಅಪ್ಪ. ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದರು.

ಅಮಾವಾಸ್ಯೆಯ ದಿನ ನಾನು ರಜೆ ಹಾಕಿದ್ದೆ. ಬೆಳಿಗ್ಗೆಯಿಂದ ಹೋಳಿಗೆಯ ಹೂರಣದ ವಾಸನೆ. ಅವ್ವ ಸ್ನಾನ ಮುಗಿಸಿ, ತಾನೂ ಇಳಕಲ್ ಸೀರೆ ಉಟ್ಟು, ಅಲ್ಮಾರಿಯ ಕನ್ನಡಿಯ ಮುಂದೆ ನಿಂತಿದ್ದಳು. ಬಹಳ ವರ್ಷಗಳ ಮೇಲೆ ಸೆರಗನ್ನು ಬಲಹೆಗಲ ಮೇಲೆ ಹಾಕಿಕೊಂಡಿದ್ದಳು. ಇವತ್ತೊಂದು ದಿನ ಆಯಿಯ ಹಾಗೆ ಉಡುತ್ತೇನೆ ಎಂದು ಮೊದಲೇ ಹೇಳಿದ್ದಳು. ನಾನು ಹೋಗುವಷ್ಟರಲ್ಲಿ ಕನ್ನಡಿಯನ್ನೇ ದಿಟ್ಟಿಸುತ್ತ, ಗೊಂದಲದಲ್ಲಿ ನಿಂತಿದ್ದಳು.

"ಇಲ್ಲಿ ಬಾ. ನೋಡಿಲ್ಲೆ. ಹೋದ್ಲು."

ನೋಡಿದೆ. ಬಲಕ್ಕೆ ಹೊದ್ದ ಸೆರಗು ಕನ್ನಡಿಯೊಳಗೆ ಎಡಕ್ಕೆ ಹೋಗಿತ್ತು. ಅಲ್ಲಿ ನಿಂತಿದ್ದವಳು ಪಾಸಿನ ಫೋಟೋದ ಅವ್ವ, ಬೇರೆ ಯಾರೂ ಅಲ್ಲ. ಅವ್ವ ಸೆರಗನ್ನು ಎಳೆದು ಮತ್ತೆ ಎಂದಿನಂತೆ ಎಡಕ್ಕೆ ಹಾಕಿಕೊಂಡು ತಲೆಯ ಮೇಲೆ ಹೊದ್ದಳು. ಕನ್ನಡಿಯಲ್ಲಿ ಬಲಸೆರಗಿನ ಹೆಂಗಸು ಬಂದು ನಿಂತಳು. ಹೊರಗೆ ತರಕಾರಿಯವನು ಕೂಗುತ್ತ ಹೋದ, ಅವನ ಧ್ವನಿ ಓಣಿಯ ತಿರುವಿನಲ್ಲಿ ಕರಗಿತು.

"ದಿನಾ ಇಲ್ಲೇ ಇದ್ಲು," ಎಂದಳು ಅವ್ವ. "ಕುಂಕುಮ ಹಚ್ಚುವಾಗ ನಾ ಬರೇ ಹಣಿ ನೋಡ್ಕೋತಿದ್ದೆ." ಆಮೇಲೆ ಕನ್ನಡಿಗೆ ಇನ್ನೂ ಹತ್ತಿರ ಹೋಗಿ, "ಮೂಗುತಿ ಒಂದ ತಪ್ಪ," ಎಂದು ನಕ್ಕಳು.

ತಂಬಿಗೆಗೆ ಸೀರೆ ಸುತ್ತಿದಳು. ಈ ಸಲ ಅದರ ಸೆರಗನ್ನು ಬಲಕ್ಕೆ ಹೊದಿಸಿದಳು. ಹಿಂದಿನ ವರ್ಷಗಳಲ್ಲಿ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ನೋಡಿದೆ, ಆಗಲಿಲ್ಲ. ಮಾಲೆ ತಂಬಿಗೆಗೆ ಬಿತ್ತು. ಪುಸ್ತಕವನ್ನು ನಾನು ಎದುರಿನ ಗೋಡೆಗೆ ಒರಗಿಸಿ, ಪುಟ ಮುಚ್ಚದಂತೆ ಎರಡು ಬದಿಗೂ ಬಟ್ಟೆ ಹಾಕುವ ಕ್ಲಿಪ್ಪು ಸಿಕ್ಕಿಸಿದೆ. ಅದಕ್ಕೆ ಕುಂಕುಮವಿಲ್ಲ, ಹೂವಿಲ್ಲ. ಅಪ್ಪ ಒಮ್ಮೆ ಪರೀಕ್ಷಿಸಿ ನೋಡಿ ಸಮಾಧಾನವಾಗಿ ಕುಳಿತರು. ಹೋಳಿಗೆ, ತುಪ್ಪ, ಕಟ್ಟಿನ ಸಾರು, ಬದನೆಕಾಯಿ ಪಲ್ಯ, ಅನ್ನ, ಹಪ್ಪಳ. ಅವ್ವ ಎಡೆ ಹಿಡಿದು, ನೀರು ಸುತ್ತಿ, ಪುಟವನ್ನು ಒಮ್ಮೆ ತುಂಬ ನೋಡಿ, ಕಣ್ಣು ಮುಚ್ಚಿದಳು.

ಊದುಬತ್ತಿಯ ಹೊಗೆ ನೇರ ಏರಿ ಫ್ಯಾನಿನ ಹತ್ತಿರ ಚದುರುತ್ತಿತ್ತು. ಪುಟದ ಮೇಲಿನ ಹಳದಿ ಚುಕ್ಕೆ ದೀಪಕ್ಕೆ ಆಗಾಗ ಹೊಳೆಯುತ್ತಿತ್ತು. ಅವ್ವನ ಮುಚ್ಚಿದ ರೆಪ್ಪೆಗಳ ಅಡಿಯಲ್ಲಿ ಕಣ್ಣುಗಳು ಅತ್ತ ಇತ್ತ ಚಲಿಸುತ್ತಿದ್ದವು, ಕನಸು ಕಾಣುವವರ ಕಣ್ಣಿನ ಹಾಗೆ. ಯಾವ ಮುಖ ಬರುತ್ತಿದೆಯೋ, ಏನೂ ಬಾರದೆ ಹುಡುಕುತ್ತಿದ್ದಾಳೋ, ಅಥವಾ ಮತ್ತೆ ಆ ಪಂಚಾಯಿತಿಯೇ ಬಂದು ಕುಳಿತಿದೆಯೋ. ನನಗೆ ತಡೆಯಲಾಗಲಿಲ್ಲ. ಅವಳ ಕಿವಿಯ ಹತ್ತಿರ ಬಾಗಿದೆ.

"ಅವ್ವಾ, ಬಂದ್ಲೇನ?"

ಅವ್ವ ಕಣ್ಣು ತೆರೆಯಲಿಲ್ಲ. ಕೈಯನ್ನು ಮಾತ್ರ ಸ್ವಲ್ಪ ಎತ್ತಿ ನನ್ನನ್ನು ತಡೆದಳು.

"ಸುಮ್ಕಿರು. ಉಣ್ಣಾಕತ್ತಾಳ."